ಹಳೆ ಮನೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟು: ಧೂಳು ಏಳಿಸದೆ ನಿಭಾಯಿಸುವುದು ಹೇಗೆ

ಹೋದ ಆಷಾಢದ ಗಾಳಿಗೆ ನಮ್ಮ ಕೊಬ್ಬರಿ ಅಟ್ಟದ ಶೀಟಿನ ಮೇಲೆ ಒಂದು ತೆಂಗಿನಕಾಯಿ ಬಿತ್ತು. ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಊಟದ ತಟ್ಟೆ ಅಗಲದ ತೂತು. ಕೆಳಗೆ ರಾಶಿ ಹಾಕಿದ್ದ ಕಾಯಿಗಳ ಮೇಲೆಲ್ಲ ಚೂರು. ತೂತಿನಿಂದ ಇಳಿದ ಬಿಸಿಲುಕೋಲಿನಲ್ಲಿ ಬೂದಿಯಂಥ ಧೂಳು ತೇಲುತ್ತಿತ್ತು. ನಾನು ಅಭ್ಯಾಸದಂತೆ ಪೊರಕೆ ತಗೊಂಡು ಗುಡಿಸಿಬಿಟ್ಟೆ. ಮೂಗಿಗೆ ಸೆರಗು ಕೂಡ ಅಡ್ಡ ಹಿಡಿಯಲಿಲ್ಲ.

ಗುಡಿಸಿದ ಮೇಲೆ ಒಂದು ಚೂರು ಕೈಗೆ ತಗೊಂಡೆ. ಮುರಿದ ಅಂಚಿನಲ್ಲಿ ಬೆಕ್ಕಿನ ಮರಿಯ ರೋಮದ ಹಾಗೆ ಸಣ್ಣ ಬಿಳಿ ನಾರು ಚಾಚಿಕೊಂಡಿತ್ತು. ಆಗ ಎದೆ ಧಸಕ್ಕೆಂದಿತು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಇದು ಏನು ಅಂತ ನನಗೆ ಗೊತ್ತಿತ್ತು. ಆದರೆ ನಮ್ಮ ಮನೆಯ ಶೀಟನ್ನೂ ಪುಸ್ತಕದ ಆ ಪಾಠವನ್ನೂ ಒಂದು ದಿನವೂ ಜೋಡಿಸಿ ನೋಡಿರಲಿಲ್ಲ.

ನಮ್ಮದು ತಿಪಟೂರು ಕಡೆಯ ತೋಟದ ಮನೆ. ಅಪ್ಪ 1979ರಲ್ಲಿ ಅಟ್ಟಕ್ಕೆ, ಬಚ್ಚಲಿಗೆ, ಕೊಟ್ಟಿಗೆಗೆ ಶೀಟು ಹಾಕಿಸಿದ್ದರು. ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ಆ ತೂತು ಬಿದ್ದ ದಿನದಿಂದ ನಾನು ಓದಿ ಕಲಿತಿದ್ದು, ಮಾಡಿ ಕಲಿತಿದ್ದು ಎಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲಿನ ನಾರು

ಕಲ್ನಾರು ಅನ್ನೋ ಹೆಸರಲ್ಲೇ ಎಲ್ಲ ಇದೆ. ಅದು ಭೂಮಿಯಲ್ಲಿ ಸಿಗುವ ಕಲ್ಲು, ಆದರೆ ನಾರಿನಂತೆ ಬಿಡಿಸಬಹುದು. ನಮ್ಮ ರಾಜ್ಯದ ಹಾಸನ ಜಿಲ್ಲೆ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲೂ ಇದೆ. ಬೆಂಕಿಗೆ ಸುಡುವುದಿಲ್ಲ, ಎಳೆದರೆ ಹರಿಯುವುದಿಲ್ಲ, ರೇಟೂ ಕಡಿಮೆ. ಸಿಮೆಂಟಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಇದನ್ನು ಕಲಸಿ ಅಲೆಅಲೆಯಾಗಿ ಒತ್ತಿದರೆ ಶೀಟು. ಊರಲ್ಲಿ ಅದನ್ನೇ ಸಿಮೆಂಟ್ ಶೀಟು ಅಂತಲೋ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಶೀಟು ಅಂತಲೋ ಕರೆಯುತ್ತೇವೆ.

ತೊಂದರೆ ಇರುವುದು ಆ ನಾರಿನಲ್ಲೇ. ತೆಂಗಿನ ನಾರನ್ನು ಸೀಳಿದರೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಕಲ್ನಾರು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದ್ದಕ್ಕೆ ಸೀಳುತ್ತಾ ಹೋಗುತ್ತದೆ. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಹೋಗಿ ಚುಚ್ಚಿಕೊಂಡರೆ ದೇಹ ಅದನ್ನು ಸುಲಭವಾಗಿ ಕರಗಿಸಲಾರದು, ಹೊರಗೆ ಹಾಕಲಾರದು. ಅದರಿಂದ ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೀಲಿಯೋಮಾ ಅನ್ನೋ ಕ್ಯಾನ್ಸರ್ ಬರುತ್ತವೆ. ಬಿಳಿ, ಕಂದು, ನೀಲಿ ಅಂತ ಬಗೆಗಳಿವೆ. ಎಲ್ಲವೂ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಟ್ಟು ಜಾಸ್ತಿ.

ಕಾಯಿಲೆ ನಾಳೆಯೇ ಕಾಣಿಸಿಕೊಳ್ಳುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕು. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತು: ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಇಡಬೇಕು, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿವರೆಗೆ. ಅಷ್ಟು ವರ್ಷ ಬೇಕಾಗುವುದು ಇದೇ ಕಾರಣಕ್ಕೆ. ಕೆಮ್ಮು ಬರಲಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ.

ಹಾಗಂತ ಒಂದು ಸಲ ಗುಡಿಸಿದ್ದಕ್ಕೆ ಹೆದರಿ ನಿದ್ದೆಗೆಡಬೇಕಾಗಿಲ್ಲ. ಎಷ್ಟು ಧೂಳು, ಎಷ್ಟು ಸಲ, ಎಷ್ಟು ವರ್ಷ ಅನ್ನುವುದರ ಮೇಲೆ ಅಪಾಯ ಬೆಳೆಯುತ್ತದೆ. ದಿನಾ ಶೀಟು ಕೊಯ್ಯುವ ಮೇಸ್ತ್ರಿಗೂ ಅದರ ಕೆಳಗೆ ಮಲಗುವ ನಮಗೂ ತುಂಬಾ ವ್ಯತ್ಯಾಸ ಇದೆ. ಗಟ್ಟಿಯಾಗಿರುವ ಶೀಟಿನಲ್ಲಿ ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಒಡೆದಾಗ, ಕೊಯ್ದಾಗ, ಉಜ್ಜಿದಾಗ, ತೀರಾ ಹಳತಾಗಿ ಮೇಲ್ಮೈ ಪುಡಿಯಾದಾಗ ಮಾತ್ರ ಅದು ಗಾಳಿಗೆ ಬರುತ್ತದೆ. ನೀವು ಏನೇ ಮಾಡುವ ಮುಂಚೆ ‘ಇದರಿಂದ ಧೂಳು ಏಳುತ್ತಾ?’ ಅಂತ ಒಮ್ಮೆ ಕೇಳಿಕೊಳ್ಳಿ. ನಾನು ಈಗ ಹಾಗೇ ಮಾಡುತ್ತೇನೆ.

ಗುರುತಿಸುವುದು

ಇಂಗ್ಲೆಂಡಿನಲ್ಲಿ 1999ರಲ್ಲಿ, ಆಸ್ಟ್ರೇಲಿಯಾದಲ್ಲಿ 2003ರ ಕೊನೆಗೆ ಕಲ್ನಾರನ್ನು ಪೂರ್ತಿ ನಿಲ್ಲಿಸಿದರು. ಅಲ್ಲಿ ಮನೆ ಕಟ್ಟಿದ ವರ್ಷ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಗಣಿಗಾರಿಕೆ ನಿಂತಿದೆ. ಆದರೆ ಬಿಳಿ ಕಲ್ನಾರು ಹೊರದೇಶದಿಂದ ಬರುತ್ತದೆ, ಶೀಟು ತಯಾರಾಗುತ್ತದೆ, ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ‘ನಮ್ಮದು ಹೊಸ ಶೀಟು, ಪರವಾಗಿಲ್ಲ’ ಅನ್ನುವಂತಿಲ್ಲ.

ಮೊದಲು ಕೆಳಗೆ ನಿಂತು ಬೆರಳ ಗಿಣ್ಣಿನಿಂದ ತಟ್ಟಿ ನೋಡಿ. ತಗಡಿನ ಶೀಟು ಡಣ್ ಅನ್ನುತ್ತದೆ, ಅಯಸ್ಕಾಂತ ಹಿಡಿಯುತ್ತದೆ. ಪ್ಲಾಸ್ಟಿಕ್ ಶೀಟು ಒತ್ತಿದರೆ ಬಾಗುತ್ತದೆ. ಸಿಮೆಂಟು ಶೀಟಿನ ಸದ್ದು ಮಂಕಾಗಿ, ಮಣ್ಣಿನ ಮಡಕೆ ತಟ್ಟಿದ ಹಾಗೆ ಬರುತ್ತದೆ. ದಪ್ಪ ಸುಮಾರು ಆರು ಮಿಲಿಮೀಟರು. ಅಗಲ ಮೂರೂವರೆ ಅಡಿ ಆಸುಪಾಸು, ಅದರಲ್ಲಿ ಏಳು ಉಬ್ಬು. ಹೊಸದರಲ್ಲಿ ತಿಳಿ ಬೂದಿ ಬಣ್ಣ, ಹಳತಾದ ಮೇಲೆ ಮೇಲ್ಗಡೆ ಕಪ್ಪು ಪಾಚಿ.

ಆಮೇಲೆ ಟಾರ್ಚು ಹಿಡಿದು ಒಳಮೈಯಲ್ಲಿ ಅಚ್ಚು ಹುಡುಕಿ. ಐಎಸ್ ಅಂದರೆ ಭಾರತೀಯ ಮಾನಕದ ಸಂಖ್ಯೆ. ಐಎಸ್ 459 ಅಂತ ಕಂಡರೆ ಅದು ಕಲ್ನಾರು ಸಿಮೆಂಟಿನ ಅಲೆ ಶೀಟು, ಅನುಮಾನವೇ ಬೇಡ. ಐಎಸ್ 14871 ಅಂತ ಇದ್ದರೆ ಕಲ್ನಾರಿಲ್ಲದ, ಬೇರೆ ನಾರು ಹಾಕಿದ ಶೀಟು. ಕೆಲವದರ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ‘ಎ’ ಅಕ್ಷರದ ಎಚ್ಚರಿಕೆ ಗುರುತು ಇರುತ್ತದೆ. ನಮ್ಮ ಹದಿನೆಂಟು ಶೀಟಿನಲ್ಲಿ ಅಚ್ಚು ಉಳಿದಿದ್ದು ಎರಡರಲ್ಲಿ ಮಾತ್ರ. ಉಳಿದವನ್ನು ಅಟ್ಟದ ಹೊಗೆ ತಿಂದುಹಾಕಿತ್ತು.

ಮುರಿದ ಅಂಚು ಈಗಾಗಲೇ ಇದ್ದರೆ ಅದನ್ನು ಒದ್ದೆ ಮಾಡಿ ಭೂತಗನ್ನಡಿಯಲ್ಲಿ ನೋಡಬಹುದು. ನೋಡೋಕೆ ಅಂತ ಹೊಸದಾಗಿ ಮುರಿಯಬೇಡಿ. ನಾರು ಕಂಡರೂ ಅದು ಕಲ್ನಾರೋ ಬೇರೆಯದೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಖಚಿತ ಆಗಬೇಕಾದರೆ ಲ್ಯಾಬಿನಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬು ಹುಡುಕಿ, ಮೊದಲೇ ಫೋನ್ ಮಾಡಿ ಅವರು ಈ ಪರೀಕ್ಷೆ ಮಾಡುತ್ತಾರಾ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಅಲೆ ಶೀಟಿಗೆ ಆ ಖರ್ಚು ಬೇಡ. ಕಲ್ನಾರು ಅಂತಲೇ ಅಂದುಕೊಂಡು ಮುಂದುವರಿಯಿರಿ, ಆ ದುಡ್ಡನ್ನು ಒಳ್ಳೇ ಮಾಸ್ಕಿಗೆ ಹಾಕಿ.

ಚಾವಣಿ ಒಂದೇ ಅಲ್ಲ. ಮಳೆನೀರು ಇಳಿಯುವ ಬೂದಿ ಬಣ್ಣದ ದಪ್ಪ ಪೈಪು, ಶೀಟಿನ ಅಂಚಿನ ದೋಣಿ, ಬಚ್ಚಲೊಲೆಯ ಹೊಗೆ ಕೊಳವೆ, ಹಳೇ ಕಚೇರಿ ಕಟ್ಟಡಗಳ ಚಪ್ಪಟೆ ಸೀಲಿಂಗ್, ಹಳೇ ಮೀಟರ್ ಬೋರ್ಡಿನ ಹಿಂದಿನ ಹಲಗೆ, ಬಾಯ್ಲರಿನ ಬಾಗಿಲಿಗೆ ಸುತ್ತಿದ ಬಿಳಿ ಹಗ್ಗ, ಇವುಗಳಲ್ಲೂ ಇರಬಹುದು. ಹಗ್ಗ, ಪಟ್ಟಿ, ಪೈಪಿನ ಸುತ್ತ ಮೆತ್ತಿದ ಹತ್ತಿಯಂಥದ್ದು ಶೀಟಿಗಿಂತ ಹೆಚ್ಚು ಅಪಾಯ. ಅದರಲ್ಲಿ ನಾರನ್ನು ಹಿಡಿದಿಡುವ ಸಿಮೆಂಟು ಇರುವುದಿಲ್ಲ, ಬೆರಳಲ್ಲಿ ಹಿಸುಕಿದರೆ ಪುಡಿ. ಅಂಥದ್ದನ್ನು ಮುಟ್ಟಲೇಬೇಡಿ.

ಶಾಲೆಯ ಪ್ರಯೋಗಾಲಯದಲ್ಲಿ ಬೀಕರಿನ ಕೆಳಗೆ ಇಡುವ ತಂತಿ ಬಲೆ ನೆನಪಿದೆಯಾ? ನಡುವೆ ರೊಟ್ಟಿಯಂತೆ ಬಿಳಿ ವೃತ್ತ ಇರುತ್ತಿತ್ತಲ್ಲ, ಹಳೇ ಬಲೆಗಳಲ್ಲಿ ಅದು ಕಲ್ನಾರೇ. ಎಷ್ಟು ವರ್ಷ ಮಕ್ಕಳ ಕೈಗೆ ಅದನ್ನು ಕೊಟ್ಟಿದ್ದೇನೋ. ಉದುರಿದ ಪುಡಿಯನ್ನು ‘ಊದಿಬಿಡಿ’ ಅಂತ ನಾನೇ ಹೇಳಿದ್ದೂ ಇದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಈಗ ಸೆರಾಮಿಕ್ ಬಲೆ ಸಿಗುತ್ತದೆ. ನಿಮ್ಮೂರ ಶಾಲೆಯ ಬೀರುವಿನಲ್ಲಿ ಹಳೆಯದು ಉಳಿದಿದ್ದರೆ ದಯವಿಟ್ಟು ಮೇಷ್ಟ್ರಿಗೆ ಹೇಳಿ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಹಳೇ ಮನೆ ಕೊಳ್ಳುವ ನಮ್ಮ ಮಕ್ಕಳಿಗೂ ಒಂದು ಮಾತು. ಅಲ್ಲಿ ನೆಲದ ಒಂಬತ್ತಿಂಚಿನ ಹಳೇ ಟೈಲು, ಪಾಪ್‌ಕಾರ್ನಿನಂತೆ ತರಿತರಿಯಾದ ಸೀಲಿಂಗು, ಪೈಪಿನ ಹೊದಿಕೆ ಇವುಗಳಲ್ಲಿ ಇರಬಹುದು. ಗೋಡೆ ಕೆಡವುವ ಮುಂಚೆ ತಪಾಸಣೆ ಮಾಡಿಸಿ.

ಗಟ್ಟಿಯಾಗಿದ್ದರೆ ಸುಮ್ನೆ ಬಿಡಿ

ಬಿರುಕಿಲ್ಲದೆ, ಪುಡಿ ಉದುರದೆ ಇರುವ ಶೀಟನ್ನು ಗಡಿಬಿಡಿಯಲ್ಲಿ ತೆಗೆಸಬೇಡಿ. ತೆಗೆಯುವಾಗಲೇ ಜಾಸ್ತಿ ಧೂಳು ಏಳುವುದು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಟಾರ್ಚು ಹಿಡಿದು ನೋಡಿ, ಅಷ್ಟು ಸಾಕು. ಅದಕ್ಕೆ ಮೊಳೆ ಹೊಡೆಯಬೇಡಿ, ಫ್ಯಾನಿಗೋ ಕೇಬಲ್ಲಿಗೋ ಅಂತ ಡ್ರಿಲ್ ಹಾಕಬೇಡಿ. ಗ್ರೈಂಡರನ್ನಂತೂ ಹತ್ತಿರಕ್ಕೂ ತರಬೇಡಿ. ಅದರ ಚಕ್ರ ತಿರುಗುವಾಗ ಏಳುವ ಬಿಳಿ ಮೋಡವನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಆ ಮೋಡದಲ್ಲಿ ನಾರೂ ಇದೆ.

ಬೇಸಿಗೆಯಲ್ಲಿ ಸೆಕೆ ತಡೆಯಲಾರದೆ ಶೀಟಿಗೆ ಸುಣ್ಣವೋ ಬಿಳಿ ಪೇಂಟೋ ಬಳಿಸುವುದು ಈಗ ಎಲ್ಲ ಕಡೆ ಇದೆ. ಬಳಿಯುವುದು ತಪ್ಪಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ. ಬಣ್ಣದ ಪದರ ನಾರನ್ನು ಹಿಡಿದಿಡುತ್ತದೆ. ಆದರೆ ಬಳಿಯುವ ಮುಂಚೆ ಪಾಚಿ ತೆಗೆಯುತ್ತಾರಲ್ಲ, ಅಲ್ಲಿದೆ ಅಪಾಯ. ನಮ್ಮಲ್ಲಿಗೆ ಬಂದ ಪೇಂಟಿಂಗ್ ಗುತ್ತಿಗೆದಾರರು ತಂತಿ ಬ್ರಷ್ಷು ಮತ್ತು ಜೋರಾಗಿ ನೀರು ಚಿಮ್ಮುವ ಮೆಷಿನ್ನು ತಂದಿದ್ದರು. ನಲವತ್ತು ವರ್ಷ ಮಳೆಗೆ ಸವೆದ ಶೀಟಿನ ಮೇಲ್ಮೈಯಲ್ಲಿ ಸಿಮೆಂಟು ತೊಳೆದುಹೋಗಿ ನಾರು ಬಿಟ್ಟುಕೊಂಡಿರುತ್ತದೆ. ಒಣ ಬ್ರಷ್ಷು ಅದನ್ನು ಗಾಳಿಗೆ ತೂರುತ್ತದೆ, ಮೆಷಿನ್ನಿನ ನೀರು ಅದನ್ನು ಅಂಗಳಕ್ಕೆಲ್ಲ ಎರಚುತ್ತದೆ. ಎರಡನ್ನೂ ವಾಪಸ್ ಕಳಿಸಿದೆ. ಬಚ್ಚಲಿನ ಶೀಟಿಗೆ ನೀರು ಮೆಲ್ಲಗೆ ಚಿಮುಕಿಸಿ, ಪಾಚಿ ಇದ್ದ ಹಾಗೇ ಇರಲಿ ಅಂತ ಬಿಟ್ಟು, ಒಣಗಿದ ಮೇಲೆ ಉದ್ದ ಕೋಲಿನ ರೋಲರಿನಲ್ಲಿ ಎರಡು ಕೋಟ್ ಹಾಕಿಸಿದೆ. ನೋಡಲು ಅಷ್ಟು ನುಣುಪಾಗಿಲ್ಲ. ನನಗೆ ಬೇಸರವಿಲ್ಲ.

ಶೀಟಿನ ಮೇಲೆ ಹತ್ತಬೇಡಿ. ಇದಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ಹಳೇ ಶೀಟು ಮನುಷ್ಯನ ತೂಕ ತಡೆಯುವುದಿಲ್ಲ. ಒಂದೇ ಏಟಿಗೆ, ಮುನ್ಸೂಚನೆಯೇ ಇಲ್ಲದೆ ಒಡೆಯುತ್ತದೆ. ಸೋರುವ ಜಾಗ ಮುಚ್ಚಲು, ಚೆಂಡು ತೆಗೆಯಲು ಹತ್ತಿ ಬಿದ್ದವರ ಸುದ್ದಿ ಪ್ರತಿ ಮಳೆಗಾಲ ಕೇಳುತ್ತೇವೆ. ಹುಕ್ಕಿನ ತೂತಲ್ಲಿ ಸೋರಿದರೆ ಒಳಗಿಂದ ಸ್ಟೂಲ್ ಮೇಲೆ ನಿಂತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಂ-ಸೀಲ್ ಮೆತ್ತಿ.

ಇನ್ನು ಶೀಟಿನ ದೋಣಿಯಲ್ಲಿ ಕೂರುವ ಬೂದು ಕೆಸರು. ನಾನು ಅದನ್ನು ಪ್ರತಿ ವರ್ಷ ಕೆರೆದು ಗುಲಾಬಿ ಗಿಡಕ್ಕೆ ಹಾಕುತ್ತಿದ್ದೆ. ಶೀಟಿನಿಂದ ಸವೆದು ಬಂದ ನಾರು ಅದರಲ್ಲಿ ಸೇರಿರುತ್ತದೆ. ಒಣಗಿದ ಮೇಲೆ ಕೆರೆಯಬೇಡಿ. ಒದ್ದೆ ಇರುವಾಗಲೇ ಬಳಿದು ಚೀಲಕ್ಕೆ ತುಂಬಿ, ಶೀಟಿನ ಚೂರಿನ ಜೊತೆ ಇಡಿ. ಸೂರಿನ ನೀರು ಬೀಳುವ ಸಾಲಿನ ಮಣ್ಣಿಗೂ ಅದೇ ಮಾತು. ಅಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.

ಒಡೆದರೆ

ಮೊದಲು ಮಕ್ಕಳು, ದನ, ನಾಯಿ ಎಲ್ಲರನ್ನೂ ಆಚೆ ಕಳಿಸಿ, ಫ್ಯಾನ್ ಆರಿಸಿ. ಪೊರಕೆ ಮುಟ್ಟಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದರ ಜಾಲರಿಯಲ್ಲಿ ನಾರು ನಿಲ್ಲದೆ ಹಿಂದಿನಿಂದ ಹೊರಗೆ ಬರುತ್ತದೆ. ಸ್ಪ್ರೇ ಬಾಟಲಿಗೆ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ನೀರು ನಾಲ್ಕು ಹನಿ ಬೆರೆಸಿ. ಬರೀ ನೀರು ಧೂಳಿನ ಮೇಲೆ ಮುತ್ತಿನಂತೆ ಉರುಳುತ್ತದೆ, ಸೋಪು ಬಿದ್ದರೆ ಒಳಗೆ ಇಳಿಯುತ್ತದೆ. ಮಂಜಿನ ಹಾಗೆ ಚಿಮುಕಿಸಿ. ಗ್ಲೌಸ್ ಹಾಕಿದ ಕೈಯಲ್ಲಿ ಚೂರು ಆರಿಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಅದೇ ಚೀಲಕ್ಕೆ. ಚೀಲದ ಬಾಯಿ ಕಟ್ಟಿ ಇನ್ನೊಂದು ಚೀಲದೊಳಗೆ ಇಡಿ.

ಮಾಸ್ಕಿನ ವಿಷಯದಲ್ಲಿ ರಾಜಿ ಬೇಡ. ಟವೆಲ್ಲು, ಕರ್ಚೀಪು, ಆಸ್ಪತ್ರೆಯ ನೀಲಿ ಮಾಸ್ಕು ಇದಕ್ಕೆ ಆಗುವುದಿಲ್ಲ. ಎನ್-95 ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಕಲ್ನಾರಿಗೆ ಸಾಲದು. ಎಫ್‌ಎಫ್‌ಪಿ-3 ಮಾಸ್ಕ್, ಇಲ್ಲವೇ ಪಿ-100 ಫಿಲ್ಟರ್ ಹಾಕುವ ರಬ್ಬರ್ ಮಾಸ್ಕ್ ತಗೊಳ್ಳಿ, ಕೈಗಾರಿಕೆ ಸುರಕ್ಷತೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಗಡ್ಡ ಇದ್ದರೆ ಮಾಸ್ಕು ಮುಖಕ್ಕೆ ಕೂರುವುದಿಲ್ಲ.

ತೆಗೆಸಿದ ದಿನ

ಮತ್ತೆ ಕಾಯಿ ಬೀಳುವುದು ಖಂಡಿತ, ಪಕ್ಕದಲ್ಲೇ ಮರ. ಮೇಲಾಗಿ ಅಟ್ಟದ ಶೀಟು ಸುತ್ತಿಗೆ ಮುಟ್ಟಿಸದೆಯೂ ಉದುರುತ್ತಿತ್ತು. ಆ ಹದಿನೆಂಟನ್ನು ತೆಗೆಸುವುದು ಅಂತ ತೀರ್ಮಾನಿಸಿದೆ. ಈ ಕೆಲಸ ಗೊತ್ತಿರುವವರು ನಿಮ್ಮೂರಿಗೆ ಬರುವಂತಿದ್ದರೆ ಅವರಿಗೇ ಕೊಡಿ. ನಮಗೆ ಯಾರೂ ಸಿಗಲಿಲ್ಲ. ಅಪ್ಪನ ಕಾಲದಿಂದ ಬರುವ ಮೇಸ್ತ್ರಿ, ಜೊತೆಗೆ ಇಬ್ಬರು ಬಂದರು. ಹಿಂದಿನ ದಿನ ಸಂಜೆ ಜಗಲಿ ಮೇಲೆ ಕೂರಿಸಿ ಎಲ್ಲ ಹೇಳಿದೆ. ‘ಇಷ್ಟು ವರ್ಷ ಕೊಯ್ದಿದ್ದೀನಿ ಅಮ್ಮ, ಯಾರೂ ಹೇಳಲಿಲ್ಲ’ ಅಂದರು ಮೇಸ್ತ್ರಿ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗಾಳಿಯಿಲ್ಲದ ದಿನ ಆರಿಸಿಕೊಂಡೆವು, ಬೆಳಿಗ್ಗೆ ಆರೂವರೆಗೆ ಶುರು. ಅಷ್ಟರಲ್ಲಿ ಅಟ್ಟ ಖಾಲಿ ಮಾಡಿ, ಬಾವಿಗೆ ಮತ್ತು ನೀರಿನ ತೊಟ್ಟಿಗೆ ಪ್ಲಾಸ್ಟಿಕ್ ಹೊದೆಸಿ, ಕಿಟಕಿ ಮುಚ್ಚಿ, ಪಕ್ಕದ ಮನೆಯವರಿಗೆ ಬಟ್ಟೆ ಒಳಗೆ ತಗೊಳ್ಳಿ ಅಂತ ಹೇಳಿ ಆಗಿತ್ತು. ಕೈಯಲ್ಲಿ ಒತ್ತುವ ಹೊಸ ಪಂಪಿನಿಂದ ಸೋಪು ನೀರನ್ನು ಶೀಟಿನ ಮೇಲೂ ಕೆಳಗೂ ಚಿಮುಕಿಸಿದೆವು. ಔಷಧಿ ಹೊಡೆಯುವ ಹಳೇ ಪಂಪು ಬೇಡ ಅಂದೆ.

ಶೀಟನ್ನು ಬಿಗಿದಿಡುವ ಜೆ-ಹುಕ್ಕುಗಳೆಲ್ಲ ತುಕ್ಕು ಹಿಡಿದಿದ್ದವು. ಮಾಮೂಲಿಯಾಗಿ ಮೇಲೆ ಹತ್ತಿ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಶೀಟು ಚೂರಾಗುವುದು ಅಲ್ಲೇ. ಮೇಸ್ತ್ರಿಗೆ ಒಂದು ಉಪಾಯ ಹೊಳೆಯಿತು. ಹುಕ್ಕಿನ ಬಾಗಿದ ತುದಿ ಕಬ್ಬಿಣದ ಆಂಗಲನ್ನು ಹಿಡಿದಿರುವುದು ಕೆಳಗಡೆ ತಾನೇ? ಅಟ್ಟದ ಮೇಲೆ ನಿಂತು ಬೋಲ್ಟ್ ಕಟರಿನಿಂದ ಅಲ್ಲೇ ಕತ್ತರಿಸಿದರು. ಕಟಕ್, ಅಷ್ಟೇ. ಯಾರೂ ಚಾವಣಿ ಹತ್ತಲಿಲ್ಲ, ಒಂದೇ ಒಂದು ಸುತ್ತಿಗೆ ಏಟು ಬೀಳಲಿಲ್ಲ. ಅದನ್ನು ನೋಡುತ್ತಾ ನಿಂತಿದ್ದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಹಾಕುವಾಗ ಸೂರಿನಿಂದ ನೆತ್ತಿಗೆ ಹೋಗುತ್ತಾರೆ, ತೆಗೆಯುವಾಗ ಉಲ್ಟಾ. ಮೊದಲು ನೆತ್ತಿಯ ಮುಚ್ಚಳ, ಆಮೇಲೆ ಮೇಲಿನ ಸಾಲು, ಕೊನೆಗೆ ಸೂರಿನ ಸಾಲು. ಹತ್ತಡಿ ಶೀಟು ಒಂದು ಸುಮಾರು ನಲವತ್ತು ಕಿಲೋ. ಇಬ್ಬರು ಹಿಡಿದು ಇಳಿಸಬೇಕು. ಎಸೆಯಬಾರದು, ಒಂದರ ಮೇಲೊಂದು ಜಾರಿಸಿ ಉಜ್ಜಲೂಬಾರದು. ಕೆಳಗೆ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಸಿ, ಆರಾರು ಶೀಟಿಗೆ ಒಂದು ಕಟ್ಟು ಮಾಡಿ, ಎರಡು ಸುತ್ತು ಸುತ್ತಿ ಟೇಪ್ ಹಾಕಿದೆವು. ಆಂಗಲ್ಲು, ಅಟ್ಟದ ಹಲಗೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಸೆಕೆಗೆ ಮಾಸ್ಕು ಹಾಕಿಕೊಂಡಿರುವುದು ಸುಲಭವಲ್ಲ. ಹುಡುಗರು ಅರ್ಧ ಗಂಟೆಗೇ ಕೆಳಗೆ ಎಳೆಯಲು ಶುರು ಮಾಡಿದರು. ಬೈದರೆ ಕೆಲಸ ಆಗುವುದಿಲ್ಲ. ಅರ್ಧರ್ಧ ಗಂಟೆಗೆ ಕೆಲಸ ನಿಲ್ಲಿಸಿ, ದೂರದ ಮಾವಿನ ಮರದ ಕೆಳಗೆ, ಕೈ ಮುಖ ತೊಳೆದು, ಎಳನೀರು ಕೊಟ್ಟೆ. ಬೀಡಿ ಬೇಡ ಅಂದೆ, ಕೇಳಿದರು. ಕೊನೆಗೆ ಬಟ್ಟೆಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿ, ಎಲ್ಲಕ್ಕಿಂತ ಕೊನೆಗೆ ಮಾಸ್ಕ್ ತೆಗೆದು, ತಲೆಗೆ ಸ್ನಾನ. ಆ ಬಟ್ಟೆಯನ್ನು ಮನೆಗೆ ಒಯ್ದು ಹೆಂಡತಿ ಕೈಯಲ್ಲಿ ಕೊಡವಿಸಿ ಒಗೆಸಿದರೆ ಅವರ ಉಸಿರಿಗೂ ನಾರು ಹೋಗುತ್ತದೆ. ಅದಕ್ಕೇ ನಾನು ಹಳೇ ಪಂಚೆ, ಶರ್ಟು ಕೊಟ್ಟು ಅಲ್ಲೇ ಬಿಡಿಸಿಕೊಂಡೆ.

ಚೂರನ್ನು ಎಲ್ಲಿಗೆ ಹಾಕುವುದು

ನಮ್ಮೂರಲ್ಲಿ ಶೀಟಿನ ಚೂರು ವ್ಯರ್ಥವಾಗಿದ್ದೇ ಇಲ್ಲ. ರಸ್ತೆ ಗುಂಡಿಗೆ ಹಾಕುತ್ತಾರೆ, ಚರಂಡಿ ಮುಚ್ಚುತ್ತಾರೆ, ಕೋಳಿಗೂಡಿಗೆ ಅಡ್ಡ ಇಡುತ್ತಾರೆ. ಚಿಕ್ಕವಳಿದ್ದಾಗ ನಮ್ಮ ಕುಂಟೆಬಿಲ್ಲೆಯ ಬಿಲ್ಲೆಯೂ ಅದೇ. ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿಕೊಳ್ಳುತ್ತಿದ್ದೆವು. ಬೆಂಕಿಗೆ ಎಸೆದರೆ ಢಂ ಅಂತ ಸಿಡಿಯುತ್ತದೆ ಅಂತ ಹುಡುಗರು ಕಾಮದಹನಕ್ಕೆ ಕೂಡಿಡುತ್ತಿದ್ದರು. ಇವು ಯಾವುವೂ ಬೇಡ. ರಸ್ತೆಗೆ ಹಾಕಿದ್ದನ್ನು ಟ್ರ್ಯಾಕ್ಟರಿನ ಚಕ್ರ ಪುಡಿ ಮಾಡುತ್ತದೆ.

ತೋಟದ ಪಕ್ಕದವರೊಬ್ಬರು ಬಂದು, ಹಸುವಿನ ಕೊಟ್ಟಿಗೆಗೆ ಆರು ಶೀಟು ಕೊಡಿ ಅಂದರು. ನಾನು ಕೊಡಲಿಲ್ಲ. ಇಲ್ಲ ಅನ್ನಲು ತುಂಬಾ ಕಷ್ಟವಾಯಿತು. ಆದರೆ ನಲವತ್ತು ವರ್ಷ ದಾಟಿದ ಶೀಟಿಗೆ ಮತ್ತೆ ತೂತು ಕೊರೆಯಬೇಕು, ಅವರ ಮಕ್ಕಳು ಅಲ್ಲೇ ಆಡುತ್ತಾರೆ. ಯಾಕೆ ಅಂತ ಕೂತು ಹೇಳಿದೆ, ಅರ್ಥ ಮಾಡಿಕೊಂಡರು. ಅಟ್ಟಕ್ಕೆ ಈಗ ಮಂಗಳೂರು ಹೆಂಚು ಹಾಕಿಸಿದ್ದೇನೆ. ಕಾಯಿ ಬಿದ್ದರೆ ಹೆಂಚೂ ಒಡೆಯುತ್ತದೆ, ಬದಲಿಸಿದರಾಯಿತು.

ಕಲ್ನಾರಿನ ತ್ಯಾಜ್ಯ ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅದು ಹೋಗಬೇಕಾದ್ದು ಅದಕ್ಕೆಂದೇ ಪರವಾನಗಿ ಪಡೆದ ನೆಲಭರ್ತಿ ಜಾಗಕ್ಕೆ. ಹೇಗೆ, ಎಲ್ಲಿಗೆ ಅಂತ ಕೇಳಬೇಕಾದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲಾ ಕಚೇರಿಯನ್ನು. ಬಾಯಲ್ಲಿ ಕೇಳಿ ಬರಬೇಡಿ, ಪತ್ರ ಬರೆದು ಸ್ವೀಕೃತಿ ತಗೊಳ್ಳಿ. ಎಷ್ಟು ಶೀಟು, ಎಷ್ಟು ತೂಕ, ಸುತ್ತಿದ ಕಟ್ಟಿನ ಫೋಟೋ ಜೊತೆಗಿಡಿ. ಒಂದು ಮನೆಯ ಶೀಟಿಗೆ ಅಂತ ಲಾರಿ ತರಿಸುವುದು ದುಬಾರಿ. ಊರಲ್ಲಿ ಇನ್ನೂ ನಾಲ್ಕು ಮನೆಯವರು ತೆಗೆಸುವವರಿದ್ದರೆ ಒಟ್ಟಿಗೆ ಕಳಿಸಿ. ನಾನೀಗ ಮಾಡುತ್ತಿರುವುದು ಅದನ್ನೇ, ಇನ್ನೆರಡು ಮನೆಯವರು ಒಪ್ಪಿದ್ದಾರೆ.

ಅಲ್ಲಿವರೆಗೆ ಮೂರು ಕಟ್ಟು, ಎರಡು ಚೀಲ ತೋಟದ ಮೂಲೆಯ ಪಂಪ್‌ಹೌಸಿನ ಒಳಗಿವೆ, ಬಿಸಿಲಿಗೆ ಪ್ಲಾಸ್ಟಿಕ್ ಹರಿಯದ ಹಾಗೆ. ಕೆಂಪು ಪೇಂಟಿನಲ್ಲಿ ‘ಕಲ್ನಾರು. ಒಡೆಯಬೇಡಿ, ಬಿಚ್ಚಬೇಡಿ’ ಅಂತ ಬರೆದಿದ್ದೇನೆ. ಪ್ರತಿ ಭಾನುವಾರ ಹೋಗಿ ಟೇಪ್ ಬಿಟ್ಟಿದೆಯಾ ನೋಡುತ್ತೇನೆ. ಬೀಗದ ಕೈ ನನ್ನ ಹತ್ತಿರವೇ ಇದೆ.